ಹಗುರ ಸಾಮಾನು, 60 ಕೆಜಿ

ಅಮೆರಿಕದ ಭೂಸೇನೆಗೆ ಲೆಕ್ಕ ಬರುವುದಿಲ್ಲ ಎಂದು ಯಾರೂ ಬೊಟ್ಟು ಮಾಡುವಂತಿಲ್ಲ. ಕಾಲಾಳು ಎಷ್ಟು ಹೊರಬೇಕೆಂದು 1990ರ ಕೈಪಿಡಿಯಲ್ಲೇ ಅಚ್ಚು ಹಾಕಿಸಿಟ್ಟಿದೆ: ಕಾದಾಡುವಾಗ ಸುಮಾರು 22 ಕೆಜಿ, ನಡೆದು ರಣರಂಗ ಸೇರುವಾಗ 33. ಒಳ್ಳೆಯ ಕೈಪಿಡಿ. ಅದನ್ನೂ ಸೈನಿಕನ ಚೀಲಕ್ಕೇ ತುರುಕದಿದ್ದರೆ ಅದೇ ದೊಡ್ಡ ಉಪಕಾರ.

2003ರಲ್ಲಿ ಒಂದು ತಂಡ ತಕ್ಕಡಿ ಹಿಡಿದು ಅಫ್ಘಾನಿಸ್ತಾನದ ಬೆಟ್ಟ ಹತ್ತಿತು. ಅಮೆರಿಕ ಭೂಸೇನೆಯ ಪ್ಯಾರಾಚೂಟ್ ಪಡೆಯಾದ 82ನೇ ಏರ್‌ಬೋರ್ನ್ ಡಿವಿಷನ್ನಿನ ಸೈನಿಕರನ್ನು ಸಾಮಾನು ಸಮೇತ ತೂಗಿತು. ಕಾದಾಟದ ಹೊರೆ ಸರಾಸರಿ 29 ಕೆಜಿ. ನಡಿಗೆಯ ಹೊರೆ 40 ದಾಟಿತ್ತು. ವಾಹನ ಹೋಗದ ಕಡೆ ಎಲ್ಲವನ್ನೂ ಬೆನ್ನ ಮೇಲೇ ಸಾಗಿಸುವ ತುರ್ತಿನ ಹೊರೆ 60ರ ಆಸುಪಾಸು. ಹೊತ್ತವನ ತೂಕವೇ ಸುಮಾರು 80. ತೂಗಿದವರು ವರದಿ ಬರೆದರು. ಪುಣ್ಯಕ್ಕೆ ವರದಿ ಆಫೀಸಿಗೆ ಹೋಯಿತು, ಬೆಟ್ಟಕ್ಕೆ ವಾಪಸು ಬರಲಿಲ್ಲ.

ಹಾಗಂತ ಯಾರೂ ಭಾರದ ಸಾಮಾನು ಕೊಟ್ಟಿರಲಿಲ್ಲ. ಕೇಳಿ ನೋಡಿ, ಎಲ್ಲರೂ ಕೊಟ್ಟಿದ್ದು ಹಗುರದ್ದೇ. ಫಲಕ ಸೇರಿಸಿದ ಗುಂಡುನಿರೋಧಕ ಕವಚ ಏಳು ಕೆಜಿ ಚಿಲ್ಲರೆ, ಹಳೆಯದಕ್ಕಿಂತ ಹಗುರ. ರೇಡಿಯೊ ಹಗುರ, ರಾತ್ರಿ ಕಾಣುವ ಕನ್ನಡಕ ಹಗುರ, ಅವುಗಳ ಬ್ಯಾಟರಿ ಹಗುರ, ಆ ಬ್ಯಾಟರಿ ಮುಗಿದರೆ ಬೇಕಾಗುವ ಬ್ಯಾಟರಿಯೂ ಹಗುರ. ಸೇರಿಸುವ ಅಧಿಕಾರ ಎಲ್ಲರಿಗೂ ಇದೆ, ತೆಗೆಯುವ ಧೈರ್ಯ ಯಾರಿಗೂ ಇಲ್ಲ. ಅದರಲ್ಲೂ ಒಂದು ನ್ಯಾಯವಿದೆ ಅನ್ನಿ. ತೆಗೆದ ವಸ್ತುವಿಲ್ಲದೆ ಒಬ್ಬ ಸತ್ತರೆ ತನಿಖೆಯಾಗುತ್ತದೆ, ತೆಗೆದವನ ಹೆಸರು ಹೊರಬೀಳುತ್ತದೆ. ಸೇರಿಸಿದ ವಸ್ತು ಹೊತ್ತು ಮೊಣಕಾಲು ಸವೆದರೆ ಅದು ವಯಸ್ಸಿನ ದೋಷ. ಓಡಲಾಗದೆ ಗುಂಡು ತಿಂದರೆ ಅದು ಶತ್ರುವಿನ ದೋಷ.

ಇದೇನು ಹೊಸದಲ್ಲ. ಮೊದಲ ಮಹಾಯುದ್ಧದಲ್ಲಿ, 1916ರ ಜುಲೈ 1ರಂದು, ಫ್ರಾನ್ಸಿನ ಸೋಮ್ ನದಿಯ ಬಳಿ ಬ್ರಿಟಿಷ್ ಸೈನಿಕರು ಸುಮಾರು 30 ಕೆಜಿ ಹೊತ್ತು ಕಂದಕ ಹತ್ತಿ, ಮಷಿನ್‌ಗನ್ನುಗಳ ಎದುರು ನಿಧಾನಕ್ಕೆ ನಡೆದಿದ್ದರು. ಆಗಲೂ ಪ್ರತಿಯೊಂದು ಸಾಮಾನಿಗೂ ಒಂದೊಂದು ಸಕಾರಣವಿತ್ತು.

ಹೊರೆ ಇಳಿಸಲು ಏನೂ ಮಾಡಲಿಲ್ಲವೇ? ಮಾಡಿದರು. ಚೀಲದಿಂದ ತೆಗೆಯುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಚೀಲ ಊದಿದ್ದಕ್ಕೆ ಸೈನಿಕನಿಗೆ ಕಸರತ್ತು ಹೇಳಿಕೊಟ್ಟರು. ಆಮೇಲೆ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ದುಡ್ಡು ಕೊಟ್ಟಿತು, ರೋಬೋ ತಯಾರಿಸುವ ಬಾಸ್ಟನ್ ಡೈನಮಿಕ್ಸ್ ಕಂಪನಿ ನಾಲ್ಕು ಕಾಲಿನ ಯಂತ್ರದ ಹೇಸರಗತ್ತೆ ಕಟ್ಟಿತು. 180 ಕೆಜಿ ಹೊತ್ತು ಕಾಡುಮೇಡು ಸುತ್ತಬೇಕು, ಸೈನಿಕ ಹೋದಲ್ಲಿಗೆ ಹಿಂದೆಯೇ ಬರಬೇಕು. ಬಂತು ಕೂಡ! 2014ರಲ್ಲಿ ಹವಾಯಿಯಲ್ಲಿ ಮರೀನ್ ದಳದವರು ಅದನ್ನು ಕಾಡಿಗೆ ಕರೆದೊಯ್ದರು. ಒಂದೇ ತೊಂದರೆ: ಪೆಟ್ರೋಲ್ ಎಂಜಿನ್ನು ಹುಲ್ಲು ಕತ್ತರಿಸುವ ಯಂತ್ರದಂತೆ ಅರಚುತ್ತಿತ್ತು. ಹೊಂಚು ಹಾಕಲು ಹೊರಟ ತಂಡಕ್ಕೆ ಮುಂಗಡ ಡಂಗುರ. ವರ್ಷಗಟ್ಟಲೆ ಕಟ್ಟುವಾಗ ಆ ಸದ್ದು ಯಾರ ಕಿವಿಗೂ ಬಿದ್ದಿರಲಿಲ್ಲವೇನೋ. 2015ರ ಕೊನೆಗೆ ಕತ್ತೆ ಮೂಲೆ ಸೇರಿತು. ಅದೇ ಮರೀನ್ ದಳ ಕ್ಯಾಲಿಫೋರ್ನಿಯಾದ ಬೆಟ್ಟಗಳಲ್ಲಿ ನಿಜವಾದ ಹೇಸರಗತ್ತೆಗೆ ಹೊರೆ ಕಟ್ಟುವುದನ್ನು ಕಲಿಸುವ ಶಾಲೆ ನಡೆಸುತ್ತದೆ. ಅಲ್ಲಿನ ವಿದ್ಯಾರ್ಥಿಯ ಕತ್ತೆಗೆ ಹುಲ್ಲು ಸಾಕು. ಆದರೆ ಹುಲ್ಲಿಗೆ ಎಷ್ಟು ಕೋಟಿಯ ಟೆಂಡರ್ ಕರೆಯಲಾದೀತು?

2022ರಲ್ಲಿ ಭೂಸೇನೆ ಹೊಸ ರೈಫಲ್ ಆರಿಸಿತು. ಗುಂಡು ದೂರ ಹೋಗಬೇಕು, ಜೋರಾಗಿ ಬಡಿಯಬೇಕು. ಹಾಗಾಗಿ ರೈಫಲ್ ಹಳೆಯದಕ್ಕಿಂತ ಭಾರ, ಗುಂಡೂ ಭಾರ. ಗುರಿ ಹಿಡಿಯುವ ದುರ್ಬೀನಿನೊಳಗೆ ದೂರ ಅಳೆದು ಲೆಕ್ಕ ಹಾಕುವ ಕಂಪ್ಯೂಟರ್. ಅದಕ್ಕೆ ಬ್ಯಾಟರಿ, ಗೊತ್ತೇ ಇದೆಯಲ್ಲ. ಈ ಸಲ ಮಾತ್ರ ಹೊರೆ ಅತಿಯಾಯಿತೆಂದು ಮೇಲಿನವರಿಗೇ ಅನ್ನಿಸಿರಬೇಕು. ಅಂತೂ ಚೀಲಕ್ಕೆ ಕೈ ಹಾಕಿ ಏನನ್ನೋ ತೆಗೆದೇ ಬಿಟ್ಟರು. ಹಿಂದೆ ಏಳು ಮ್ಯಾಗಜೀನಿನಲ್ಲಿ 210 ಗುಂಡು ಇರುತ್ತಿತ್ತು, ಈಗ ಅದೇ ಏಳರಲ್ಲಿ 140.