ಸಿಎ-125 ನಾರ್ಮಲ್ ಬಂದರೆ ನೋವು ಸುಳ್ಳಾಗುವುದಿಲ್ಲ

ನೇರವಾಗಿ ಹೇಳಿಬಿಡುತ್ತೇನೆ. ಮುಟ್ಟಿನ ಹೊಟ್ಟೆನೋವು ತಡೆಯೋಕಾಗ್ತಿಲ್ಲ ಅಂತ ಬಂದ ಹುಡುಗಿಗೆ ಸಿಎ-125 ರಕ್ತಪರೀಕ್ಷೆ ಮಾಡಿಸಿ, ರಿಪೋರ್ಟ್ ನಾರ್ಮಲ್ ಇದೆ ಅಂದ ತಕ್ಷಣ "ನಿಮಗೇನೂ ಇಲ್ಲಮ್ಮ" ಅಂತ ಕಳಿಸಿಬಿಡುವುದು ತಪ್ಪು. ಆ ಮಾತು ಹೇಳುವ ಶಕ್ತಿ ಆ ಪರೀಕ್ಷೆಗೆ ಇಲ್ಲ.

ನನ್ನ ಚಿಕ್ಕಮ್ಮನ ಮಗಳಿಗೆ ಹೀಗೇ ಆಯಿತು. ಪಿಯುಸಿಯಿಂದಲೂ ತಿಂಗಳು ತಿಂಗಳು ವಾಂತಿ, ಬೆನ್ನು ಸೆಳೆತ, ಸಂಡಾಸಿಗೆ ಕೂತರೂ ಜೀವ ಹೋಗುವಂಥ ನೋವು. ಮಾತ್ರೆ ನುಂಗಿ ಹಾಸಿಗೆ ಹಿಡಿಯುತ್ತಿದ್ದಳು. ರಿಪೋರ್ಟಿನಲ್ಲಿ 19 ಅಂತ ಇತ್ತು, ಪಕ್ಕದಲ್ಲಿ 35ರ ಒಳಗಿದ್ದರೆ ಸರಿ ಅಂತ ಅಚ್ಚಾಗಿತ್ತು. ಅಷ್ಟೇ, ಮನೆಯಲ್ಲಿ ತೀರ್ಪು ಆಗಿಹೋಯಿತು. "ನೋಡು, ರಕ್ತದಲ್ಲೂ ಏನೂ ಇಲ್ಲ, ಸುಮ್ನೆ ಟೆನ್ಷನ್ ಮಾಡ್ಕೋತೀಯ, ಮದುವೆಯಾಗಿ ಒಂದು ಮಗು ಆದ್ರೆ ಎಲ್ಲಾ ಸರಿಹೋಗುತ್ತೆ" ಅಂದರು ದೊಡ್ಡಮ್ಮ. ಅವರನ್ನು ಬಯ್ಯೋದಿಲ್ಲ, ಡಾಕ್ಟರೇ ಏನೂ ಇಲ್ಲ ಅಂದಮೇಲೆ ಅವರು ಇನ್ನೇನು ಹೇಳಿಯಾರು? ಕೊನೆಗೆ ಬೇರೆ ಕಡೆ ಲ್ಯಾಪರೊಸ್ಕೊಪಿ, ಅಂದರೆ ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ, ನೋಡಿದಾಗ ಗರ್ಭಕೋಶದ ಹಿಂದೆ ಕಪ್ಪು ಕಲೆಗಳು, ಒಂದು ಅಂಡಾಶಯ ಪಕ್ಕದ ಗೋಡೆಗೆ ಅಂಟಿಕೊಂಡು ಕೂತಿತ್ತು. ಎಂಡೊಮೆಟ್ರಿಯೋಸಿಸ್.

ಗರ್ಭಕೋಶದ ಒಳಪದರದ ಥರದ್ದೇ ಅಂಗಾಂಶ ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೆ, ಕರುಳಿನ ಹತ್ತಿರ ಬೆಳೆಯೋದು ಈ ಕಾಯಿಲೆ. ಉರಿಯೂತ ಆಗುತ್ತೆ, ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹೆರುವ ವಯಸ್ಸಿನವರಲ್ಲಿ ಸುಮಾರು 10% ಮಂದಿಗೆ ಇದು ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಅಪರೂಪದ ಕಾಯಿಲೆ ಅಲ್ಲವೇ ಅಲ್ಲ. ಆದರೂ ಹೆಸರು ಗೊತ್ತಾಗುವ ಹೊತ್ತಿಗೆ ಎಷ್ಟೋ ಜನಕ್ಕೆ ವರ್ಷಗಟ್ಟಲೆ ಕಳೆದಿರುತ್ತೆ.

ಈಗ ಸಿಎ-125 ವಿಷಯಕ್ಕೆ ಬರೋಣ. ಇದು ರಕ್ತದಲ್ಲಿರುವ ಒಂದು ಪ್ರೋಟೀನ್. 1980ರ ದಶಕದಿಂದ ಇದನ್ನು ಮುಖ್ಯವಾಗಿ ಬಳಸುತ್ತಾ ಬಂದಿರುವುದು ಅಂಡಾಶಯದ ಕ್ಯಾನ್ಸರ್‌ನಲ್ಲಿ. ಎಂಡೊಮೆಟ್ರಿಯೋಸಿಸ್‌ನಲ್ಲೂ ಏರಬಹುದು, ನಿಜ. ಆದರೆ ಮುಟ್ಟಿನ ದಿನಗಳಲ್ಲೂ ಏರುತ್ತೆ, ಬಸುರಿನಲ್ಲಿ ಏರುತ್ತೆ, ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ) ಇದ್ದರೆ, ಹೊಟ್ಟೆಯ ಟಿಬಿ ಇದ್ದರೂ ಏರುತ್ತೆ. ರಕ್ತ ಕೊಡುವಾಗ ಮುಟ್ಟಾಗಿ ಎಷ್ಟು ದಿನ ಆಯ್ತು ಅಂತ ಚಿಕ್ಕಮ್ಮನ ಮಗಳನ್ನು ಯಾರೂ ಕೇಳಲಿಲ್ಲ. 2016ರಲ್ಲಿ, ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ಒಂದು ವಿಶ್ಲೇಷಣೆ ಬಂತು. ಸಿಎ-125 ಅಂಕಿ 30 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕಾಯಿಲೆ ಇದೆ ಅಂತ ಲೆಕ್ಕ ಹಿಡಿದಾಗ, ಕಾಯಿಲೆ ಇರುವ 100 ಹೆಂಗಸರಲ್ಲಿ ಸುಮಾರು 52 ಮಂದಿಯನ್ನಷ್ಟೇ ಅದು ಹಿಡಿಯಿತು. ಉಳಿದ 48 ಮಂದಿಗೆ ಕಾಯಿಲೆ ಇದ್ದೂ ಕಡಿಮೆ ಅಂಕಿ! ಕಾಯಿಲೆ ಇಲ್ಲದವರಲ್ಲಿ ಮಾತ್ರ 93% ಸರಿಯಾಗಿ ಇಲ್ಲ ಅಂದಿತು. ಅಂದರೆ ನೋವಿರುವವಳಲ್ಲಿ ಇದು ಏರಿದ್ದರೆ ಒಂದು ಸುಳಿವು, ಏರದಿದ್ದರೆ ಕಾಯಿಲೆ ಇಲ್ಲ ಅಂತ ಅರ್ಥ ಅಲ್ಲ. ಯುರೋಪಿನ ಇಎಸ್‌ಎಚ್‌ಆರ್‌ಇ ಅನ್ನೋ ಸಂತಾನೋತ್ಪತ್ತಿ ತಜ್ಞರ ಸಂಸ್ಥೆಯ 2022ರ ಮಾರ್ಗಸೂಚಿಯಂತೂ ಈ ಕಾಯಿಲೆ ಪತ್ತೆಗೆ ರಕ್ತದ ಬಯೋಮಾರ್ಕರ್ (ಕಾಯಿಲೆಯ ಸುಳಿವು ಕೊಡುವ, ಸಿಎ-125 ಥರದ ವಸ್ತು) ಬಳಸಬೇಡಿ ಅಂತಲೇ ಹೇಳಿತು.

ಇನ್ನೊಂದು ಕಡೆಯ ಸಂಕಟವೂ ಇದೆ. ನಮ್ಮ ಪಕ್ಕದ ಮನೆಯವರಿಗೆ ಅದೇ ಅಂಕಿ ಜಾಸ್ತಿ ಬಂತು, ಮನೆಯವರೆಲ್ಲಾ ಇಂಟರ್ನೆಟ್ ನೋಡಿ ಕ್ಯಾನ್ಸರ್ ಅಂತ ಊಟ ಬಿಟ್ಟು ಕೂತರು. ಇದ್ದದ್ದು ಚಾಕೊಲೇಟ್ ಸಿಸ್ಟ್, ಅಂದರೆ ಎಂಡೊಮೆಟ್ರಿಯೋಸಿಸ್‌ನಿಂದ ಅಂಡಾಶಯದಲ್ಲಿ ಆಗುವ, ಹಳೇ ರಕ್ತ ತುಂಬಿದ ಗಂಟು. ಒಬ್ಬರಿಗೆ ಸುಳ್ಳು ಧೈರ್ಯ, ಇನ್ನೊಬ್ಬರಿಗೆ ಸುಳ್ಳು ಭಯ.

ಹಾಗಂತ ರಕ್ತಪರೀಕ್ಷೆಯೇ ಬೇಡ ಅನ್ನೋಳಲ್ಲ ನಾನು. ಒಳ್ಳೆಯದೊಂದು ಬರಲಿ ಅಂತ ತುಂಬಾ ಆಸೆ ಇದೆ, ಅದೂ ನಮ್ಮ ಕಡೆಯ ಹುಡುಗಿಯರಿಗಾಗಿ. ಯಾಕೆ ಅಂದರೆ ಇಲ್ಲಿ ಮದುವೆಯಾಗದ ಹುಡುಗಿಗೆ ಯೋನಿಯ ಮೂಲಕ ಮಾಡುವ ಸ್ಕ್ಯಾನ್ ಬೇಡ ಅಂದುಬಿಡುತ್ತಾರೆ, ಕೆಲವು ಸಲ ಡಾಕ್ಟರು, ಕೆಲವು ಸಲ ಅಮ್ಮ. ಆಮೇಲೆ ಹೊಟ್ಟೆ ತುಂಬಾ ನೀರು ಕುಡಿಸಿ, ಉಚ್ಚೆ ಕಟ್ಟಿಕೊಂಡು ಕೂರಿಸಿ, ಮೇಲಿಂದ ಸ್ಕ್ಯಾನ್ ಮಾಡುತ್ತಾರೆ. ಸಣ್ಣ ಕಲೆಗಳು ಒಳಗಿನ ಸ್ಕ್ಯಾನ್‌ನಲ್ಲೇ ತಪ್ಪಿಸಿಕೊಳ್ಳುತ್ತವೆ, ಇನ್ನು ಇದರಲ್ಲಿ ಎಲ್ಲಿ ಕಾಣಬೇಕು? ಒಂದು ಟ್ಯೂಬ್ ರಕ್ತ ಕೊಡೋಕೆ ಮಾತ್ರ ಯಾವ ಮನೆಯಲ್ಲೂ ತಕರಾರಿಲ್ಲ.

ಆಸ್ಟ್ರೇಲಿಯಾದ ಪರ್ತ್‌ನ ಪ್ರೋಟಿಯೊಮಿಕ್ಸ್ ಇಂಟರ್‌ನ್ಯಾಷನಲ್ ಕಂಪನಿ ರಕ್ತದ 10 ಪ್ರೋಟೀನ್‌ಗಳನ್ನು ಒಟ್ಟಿಗೆ ನೋಡುವ ಪರೀಕ್ಷೆ ಮಾಡಿದೆ. 800ಕ್ಕೂ ಹೆಚ್ಚು ಮಹಿಳೆಯರ ರಕ್ತ ನೋಡಿ 2024ರ ಕೊನೆಗೆ ಫಲಿತಾಂಶ ಪ್ರಕಟಿಸಿದರು. ಜೋರಾಗಿರುವ ಕಾಯಿಲೆಯನ್ನು ಅದು ಚೆನ್ನಾಗಿ ಗುರುತಿಸಿತು, ಶುರುವಿನ ಹಂತದಲ್ಲಿ ಅಷ್ಟು ಚೆನ್ನಾಗಿ ಅಲ್ಲ. ಫ್ರಾನ್ಸ್‌ನಲ್ಲಿ ಎಂಜಲಿನಿಂದ ಮಾಡುವ ಪರೀಕ್ಷೆಯೂ ಬಂದಿದೆ. ಖುಷಿಯ ಸುದ್ದಿಯೇ. ಆದರೆ ನಮ್ಮಲ್ಲಿಗೆ ಬರುವ ಮುಂಚೆ ನಮ್ಮ ಹೆಂಗಸರ ಮೇಲೂ ಪರೀಕ್ಷಿಸಿ ನೋಡಬೇಕು. ಮೈಯಲ್ಲಿ ರಕ್ತ ಇಲ್ಲದೆ ಬಿಳಿಚಿಕೊಂಡವರು, ಟಿಬಿ ಬಂದು ಹೋದವರು ಇಲ್ಲಿ ಎಷ್ಟಿದ್ದಾರೆ ಅನ್ನೋದು ಗೊತ್ತೇ ಇದೆಯಲ್ಲ, ಅವರಲ್ಲೂ ಅದು ಸರಿಯಾಗಿ ಹೇಳುತ್ತಾ ಅಂತ ನೋಡಬೇಕು. ಇಲ್ಲದಿದ್ದರೆ ಅದೂ ಇನ್ನೊಂದು ದುಬಾರಿ ಸಿಎ-125 ಆಗಿ, ಹೆಲ್ತ್ ಪ್ಯಾಕೇಜಿನಲ್ಲಿ ಸೇರಿಕೊಂಡುಬಿಡುತ್ತದೆ.

ಅಲ್ಲಿಯವರೆಗೆ, ನಿಮ್ಮ ಮನೆಯ ಹುಡುಗಿಗೆ ಡಾಕ್ಟರು ಸಿಎ-125 ಬರೆದುಕೊಟ್ಟರೆ ಜಗಳ ಬೇಡ, ಮಾಡಿಸಿ. ಬೇರೆ ಕಾರಣಕ್ಕೂ ಬರೆದಿರಬಹುದು. ಆದರೆ ಜೊತೆಗೆ ಹೋಗಿ. ಯಾವ ದಿನ ಎಷ್ಟು ನೋವು, ಎಷ್ಟು ದಿನ ಕಾಲೇಜು ತಪ್ಪಿತು, ಸಂಡಾಸಿಗೆ ಹೋದಾಗ ನೋವಾಗುತ್ತಾ, ಮದುವೆಯಾಗಿದ್ದರೆ ಸೇರುವಾಗ ನೋವಾಗುತ್ತಾ, ಇಷ್ಟನ್ನೂ ಮೊಬೈಲಿನಲ್ಲಿ ಬರೆದಿಟ್ಟುಕೊಂಡು ತೋರಿಸಿ. ಆಮೇಲೆ ರಿಪೋರ್ಟ್ ಕೈಗೆ ಬರುವ ಮುಂಚೆಯೇ ಕೇಳಿ: "ಡಾಕ್ಟ್ರೇ, ಇದು ನಾರ್ಮಲ್ ಬಂದರೂ ನೋವು ಹೀಗೇ ಇದ್ದರೆ ಮುಂದೆ ಏನು ಮಾಡ್ತೀರಿ?"