ಕೂತು ಆಡುವವರನ್ನು ನಾಶಪಡಿಸಿ

ಜೂನ್ ಎರಡನೇ ವಾರ ನಮ್ಮ ಗೇಟಿನ ಮೇಲೆ ಒಂದು ನೋಟೀಸು ಕಾಣಿಸಿತು. ಮಳೆಗೆ ಅರ್ಧ ಕಳಚಿ ನೇತಾಡುತ್ತಿತ್ತು. ಮಲಯಾಳದಲ್ಲಿತ್ತು. ಕಾಸರಗೋಡಿನ ಗಡಿಯ ನಮ್ಮ ಬೈಲಿನಲ್ಲಿ ಇರುವುದು ಹನ್ನೊಂದು ಮನೆ. ಮಲಯಾಳ ಸರಿಯಾಗಿ ಓದಲು ಬರುವುದು ಮೂರು ಮಕ್ಕಳಿಗೆ. ಮೂವರೂ ಶಾಲೆಗೆ ಹೋಗಿದ್ದರು.

ಹಾಗಾಗಿ ದೊಡ್ಡವರೇ ಸೇರಿ ಓದಿದೆವು. ನನಗೆ ಬಸ್ಸಿನ ಬೋರ್ಡು ಓದುವಷ್ಟು ಮಲಯಾಳ ಬರುತ್ತದೆ. ಅಕ್ಷರ ಕೂಡಿಸಿ ಕೂಡಿಸಿ ಹೇಳಿದೆ: ‘ಡೆಂಗಿಪ್ಪನಿ, ಎಲಿಪ್ಪನಿ, ಚೆಳ್ಳುಪ್ಪನಿ.’ ಪಕ್ಕದ ಮನೆಯ ಅಜ್ಜಿಯದು ತುಳು. ತುಳುವಿನಲ್ಲಿ ಪನಿ ಎಂದರೆ ತುಂತುರು ಮಳೆ. ‘ಪನಿ ಬರ್ತದೆ ಅಂತ ಹೇಳ್ಲಿಕ್ಕೆ ನೋಟೀಸು ಬೇಕಾ? ತಲೆ ಎತ್ತಿ ನೋಡಿದ್ರೆ ಸಾಕಲ್ಲ’ ಎಂದರು. ಮಲಯಾಳದ ಪನಿ ಅಂದರೆ ಜ್ವರ ಎಂದು ನೆನಪಾಗಲು ಹತ್ತು ನಿಮಿಷ ಬೇಕಾಯಿತು. ಎಲಿ ಎಂದರೆ ಇಲಿ ಇರಬೇಕು ಎಂದು ಊಹಿಸಿದೆವು. ಚೆಳ್ಳು ಎಂದರೆ ಮಾತ್ರ ಚೇಳೇ ಎಂದು ಸರ್ವಾನುಮತದಿಂದ ಒಪ್ಪಿಗೆಯಾಯಿತು. ಮಧ್ಯಾಹ್ನದೊಳಗೆ ಸೌದೆ ಕೊಟ್ಟಿಗೆಯಲ್ಲಿ ನಾಲ್ಕು ಚೇಳುಗಳು ಪ್ರಾಣ ಬಿಟ್ಟವು. ಪಾಪ, ಅವು ಯಾರಿಗೂ ರೋಗ ಹರಡಿದ್ದಲ್ಲ.

ಸಂಜೆ ಮಕ್ಕಳು ಬಂದ ಮೇಲೆ ಸತ್ಯ ಗೊತ್ತಾಯಿತು. ಚೆಳ್ಳು ಎಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ. ಹುಲ್ಲು, ಪೊದೆಗಳಲ್ಲಿ ಇರುತ್ತದೆ. ಅದರ ಮರಿ ಕಚ್ಚಿದರೆ ಬರುವುದೇ ಸ್ಕ್ರಬ್ ಟೈಫಸ್. ಪುಸ್ತಕದ ಕನ್ನಡದಲ್ಲಿ ಇಂಥದ್ದಕ್ಕೆ ನುಸಿ ಎನ್ನುತ್ತಾರೆ. ಆದರೆ ನಮ್ಮ ಕಡೆ ನುಸಿ ಎಂದರೆ ಸೊಳ್ಳೆ! ಅಂದರೆ ನೋಟೀಸು ಶುದ್ಧ ಕನ್ನಡದಲ್ಲಿ ಬಂದಿದ್ದರೂ ನಾವು ತಪ್ಪು ಪ್ರಾಣಿಯನ್ನೇ ಹೊಡೆಯುತ್ತಿದ್ದೆವು. ಸಪ್ತಭಾಷಾ ಸಂಗಮ ಭೂಮಿ ಎಂದು ಭಾಷಣಗಳಲ್ಲಿ ಹೊಗಳುತ್ತಾರಲ್ಲ, ಅದರ ಫಲ ಇದು.

ಈ ಚೆಳ್ಳಿನದು ಇನ್ನೊಂದು ತಮಾಷೆ. ಮರಿಯಾಗಿದ್ದಾಗ ಆರು ಕಾಲು, ದೊಡ್ಡದಾದ ಮೇಲೆ ಎಂಟು. ಮರಿ ಮಾತ್ರ ಕಚ್ಚುತ್ತದೆ. ಕೀಟದ ಫೈಲಿಗೆ ಹಾಕಬೇಕೋ, ಜೇಡದ ಫೈಲಿಗೆ ಹಾಕಬೇಕೋ? ಮಂಗನ ಕಾಯಿಲೆಯ ಕಥೆಯೂ ಹೀಗೇ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ರೋಗ. ಹರಡುವುದು ಎಂಟು ಕಾಲಿನ ಉಣುಗು. ಕಾಡಿನಲ್ಲಿ ಮೊದಲು ಸತ್ತು ಬಿದ್ದು ನಮಗೆ ಸುಳಿವು ಕೊಟ್ಟದ್ದು ಮಂಗ. ಹೆಸರು ಕೆಟ್ಟದ್ದೂ ಮಂಗನದೇ.

ಇರಲಿ. ನಾನು ಪಂಚಾಯತಿಗೆ ಒಂದು ಅರ್ಜಿ ಬರೆದೆ. ನೋಟೀಸನ್ನು ದಯವಿಟ್ಟು ಕನ್ನಡದಲ್ಲೂ ಕೊಡಿ ಎಂದು. ಇದು ಭಿಕ್ಷೆ ಅಲ್ಲ. 1956ರ ನವೆಂಬರ್ 1ಕ್ಕೆ ನಮ್ಮನ್ನು ಕೇರಳಕ್ಕೆ ಸೇರಿಸಿದ ಮೇಲೆ, 1969ರಲ್ಲಿ ಒಂದು ಅಧಿಕೃತ ಭಾಷಾ ಕಾಯ್ದೆ ಬಂತು. ಅದರ ಪ್ರಕಾರ ಇಲ್ಲಿನ ಕನ್ನಡಿಗರು ಸರ್ಕಾರಕ್ಕೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಒಂದು ವಾರದಲ್ಲಿ ಉತ್ತರ ಬಂತು. ಮಲಯಾಳದಲ್ಲಿ. ಮಕ್ಕಳು ಓದಿ ಹೇಳಿದರು: ‘ನಿಮ್ಮ ಅರ್ಜಿಯನ್ನು ಪರಿಗಣಿಸಲಾಗುವುದು.’ ಡೆಂಗಿ ಸೊಳ್ಳೆಯ ಮೊಟ್ಟೆಗೆ ಒಂದು ಗುಣವಿದೆ. ನೀರು ಆರಿಹೋದರೂ ಸಾಯುವುದಿಲ್ಲ. ಪಾತ್ರೆಯ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಹಾಗೇ ಕೂತಿರುತ್ತದೆ. ನಮ್ಮ ಅರ್ಜಿಯನ್ನೂ ಎಲ್ಲೋ ಹಾಗೇ ಅಂಟಿಸಿ ಇಟ್ಟಿರಬೇಕು.

ಅಷ್ಟರಲ್ಲಿ ‘ಡ್ರೈ ಡೇ’ ಉದ್ಘಾಟನೆ ಬಂತು. ಕೇರಳದಲ್ಲಿ ಶುಕ್ರವಾರ ಶಾಲೆಗಳಿಗೆ, ಶನಿವಾರ ಆಫೀಸುಗಳಿಗೆ, ಆದಿತ್ಯವಾರ ಮನೆಗಳಿಗೆ ಡ್ರೈ ಡೇ. ನಿಂತ ನೀರೆಲ್ಲ ಚೆಲ್ಲಬೇಕು. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಬೇಕು, ಆದ್ದರಿಂದ ವಾರಕ್ಕೊಮ್ಮೆ ಚೆಲ್ಲಿದರೆ ಸಂತತಿ ಮುಂದುವರಿಯುವುದಿಲ್ಲ. ಒಳ್ಳೆಯ ಲೆಕ್ಕ. ಆದರೆ ನಮ್ಮಲ್ಲಿ ಡ್ರೈ ಡೇ ಅಂದರೆ ತಿಂಗಳ ಒಂದನೇ ತಾರೀಕು, ಮದ್ಯದಂಗಡಿ ಮುಚ್ಚುವ ದಿನ. ಇನ್ನು ಪ್ರತಿ ಆದಿತ್ಯವಾರವೂ ಡ್ರೈ ಡೇ ಎಂದು ಮೈಕಿನಲ್ಲಿ ಕೂಗಿದಾಗ ಪೇಟೆಯಲ್ಲಿ ಎದ್ದ ಕಳವಳವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಬ್ಬರು ಕೂಡಲೇ ಕರ್ನಾಟಕದ ಗಡಿ ತಲಪಾಡಿಯ ಬಸ್ಸು ಹತ್ತಿದರು.

ಉದ್ಘಾಟನೆ ಬೆಳಿಗ್ಗೆ ಹತ್ತಕ್ಕೆ. ಡೆಂಗಿ ಸೊಳ್ಳೆ ಹಗಲು ಕಚ್ಚುವಂಥದ್ದು, ಕಾಲಲ್ಲಿ ಬಿಳಿ ಪಟ್ಟೆ. ಅದು ಸಭೆಗೆ ಸರಿಯಾಗಿ ಬಂದಿತ್ತು, ಅಧ್ಯಕ್ಷರು ತಡ. ವೇದಿಕೆಯ ಎರಡೂ ಕಡೆ ಹೂಕುಂಡ, ಕುಂಡದಡಿ ತಟ್ಟೆ, ತಟ್ಟೆಯಲ್ಲಿ ನೀರು. ಹಿಂದೆ ಇಪ್ಪತ್ತು ಅಡಿಯ ಫ್ಲೆಕ್ಸ್. ಅದರಲ್ಲಿ ದೊಡ್ಡ ಸೊಳ್ಳೆ, ಅದಕ್ಕಿಂತ ದೊಡ್ಡ ಆರು ಮುಖಗಳು. ಭಾಷಣಕಾರರು ಮಾತಿನ ನಡುವೆ ಬಲಗಾಲಿನಿಂದ ಎಡಗಾಲು ಕೆರೆದುಕೊಳ್ಳುತ್ತಿದ್ದರು. ಮನೆಮನೆಗೆ ಹೋಗಿ ಬಕೆಟ್ಟು ಬಗ್ಗಿ ನೋಡುವ ಆಶಾ ಕಾರ್ಯಕರ್ತೆಯರು ಕೊನೆಯ ಸಾಲಿನಲ್ಲಿದ್ದರು. ತಿಂಗಳಿಗೆ 7,000 ರೂಪಾಯಿ ಗೌರವಧನ ಸಾಲದು ಎಂದು 2025ರಲ್ಲಿ ತಿರುವನಂತಪುರದ ಸೆಕ್ರೆಟರಿಯೇಟ್ ಎದುರು ತಿಂಗಳುಗಟ್ಟಲೆ ಕೂತವರ ಪೈಕಿಯವರು ಇವರು. ಅವರಿಗೆ ಅಂದು ಮೈಕು ಸಿಗಲಿಲ್ಲ.

ಕೊನೆಗೆ ಹೊಗೆ. ಸಮಾರಂಭದ ಮುಖ್ಯ ಆಕರ್ಷಣೆಯೇ ಅದು. ಡೀಸೆಲ್‌ನಲ್ಲಿ ಔಷಧ ಬೆರೆಸಿ, ಕಂಕುಳಲ್ಲಿ ಯಂತ್ರ ಸಿಕ್ಕಿಸಿಕೊಂಡು ಒಬ್ಬರು ರಸ್ತೆಯುದ್ದಕ್ಕೂ ನಡೆದರು. ಈ ಹೊಗೆಗೆ ಸಿಕ್ಕಿಬಿದ್ದ ಹಾರುವ ಸೊಳ್ಳೆ ಸಾಯಬಹುದು. ನೀರಿನಲ್ಲಿರುವ ಮರಿಗೆ ಏನೂ ಆಗುವುದಿಲ್ಲ. ಡೆಂಗಿ ಸೊಳ್ಳೆಯಂತೂ ಮನೆಯೊಳಗೆ ಮಂಚದಡಿ, ಬಟ್ಟೆ ಸಂದಿಯಲ್ಲಿ ಆರಾಮವಾಗಿರುತ್ತದೆ. ಆದರೆ ನೀರು ಚೆಲ್ಲಿದರೆ ಫೋಟೋ ಚೆನ್ನಾಗಿ ಬರುವುದಿಲ್ಲ, ಅಲ್ವಾ?

ಯಂತ್ರದ ಸದ್ದು ಕೇಳಿದ್ದೇ ಪಕ್ಕದ ಮನೆಯ ಅಜ್ಜಿ ಓಡಿಹೋಗಿ ಬಾವಿಗೆ ಸೋಗೆ ಮುಚ್ಚಿದರು. ಯಾರೂ ನಗಲಿಲ್ಲ. ಅವರ ತವರು ಎಣ್ಮಕಜೆ ಕಡೆ. ಅಲ್ಲಿ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಬಾವಿ ಮುಚ್ಚಿಕೊಳ್ಳಿ ಎಂದು ಹೇಳುತ್ತಿದ್ದರಂತೆ. ಗುಡ್ಡ ಕೊರೆದು ನೀರು ತರುವ ಸುರಂಗವನ್ನು, ಹರಿಯುವ ತೋಡನ್ನು ಹೇಗೆ ಮುಚ್ಚುವುದೆಂದು ಹೇಳಲಿಲ್ಲ. ಅಷ್ಟೆಲ್ಲ ಯಾವ ಶತ್ರುವಿಗೆ ಗೊತ್ತಾ? ಚಹಾ ಸೊಳ್ಳೆಗೆ. ಹೆಸರಿಗಷ್ಟೇ ಸೊಳ್ಳೆ. ಜಾತಿಯಲ್ಲಿ ಅದು ತಿಗಣೆಗಳ ನೆಂಟ. ಗೇರಿನ ಚಿಗುರಿನ ರಸ ಹೀರುತ್ತದೆ, ಮನುಷ್ಯನ ತಂಟೆಗೆ ಬರುವುದಿಲ್ಲ. ಗೇರುಮರವನ್ನು ಕಚ್ಚಿದ ಸೊಳ್ಳೆಗೆ ಹೆಲಿಕಾಪ್ಟರ್, ನಮ್ಮನ್ನು ಕಚ್ಚುವ ಸೊಳ್ಳೆಗೆ ಕಂಕುಳ ಯಂತ್ರ. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೇ ನಿಲ್ಲಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಿ ಎಂದಿತು. ಆ ಮೂರು ತಿಂಗಳು ಮುಗಿಯಲು ವರ್ಷಗಳೇ ಬೇಕಾದವು. ಅಜ್ಜಿ ಬಾವಿಯ ಸೋಗೆ ತೆಗೆದದ್ದು ಮರುದಿನ ಮಧ್ಯಾಹ್ನ.

ಹಾಗೆಂದು ನಾವೇನು ಸಾಚಾಗಳಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಕುಶಲ ಕೇಳುವುದೇ ‘ಮದ್ದು ಬಿಟ್ಟಾಯ್ತಾ?’ ಎಂದು. ಮದ್ದು ಎಂದರೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ. ಮರದ ತುದಿಯ ಒಂದೊಂದು ಗೊನೆಗೂ ಮದ್ದು ತಲುಪಬೇಕು. ಬುಡದಲ್ಲಿ ಬಿದ್ದ ಅಡಿಕೆ ಹಾಳೆಯನ್ನು ಮಾತ್ರ ಕಾಲಿನಿಂದ ಮಗುಚಲು ಸೊಂಟ ನೋವು. ಒಂದು ಮರ ವರ್ಷಕ್ಕೆ ಆರೇಳು ಹಾಳೆ ಉದುರಿಸುತ್ತದೆ. ಎಕರೆಗೆ ಐನೂರು ಮರ. ಅಂದರೆ ಎಕರೆಗೆ ಮೂರು ಸಾವಿರ ತೊಟ್ಟಿಲು, ಪ್ರತಿಯೊಂದರಲ್ಲೂ ಒಂದೆರಡು ಲೋಟ ಮಳೆನೀರು. ರಬ್ಬರು ತೋಟದ ಗೆರಟೆಗಳನ್ನು ಲೆಕ್ಕಕ್ಕೇ ಹಿಡಿದಿಲ್ಲ. ಜಗತ್ತಿನಲ್ಲಿ ಸೊಳ್ಳೆಗೆ ಇಷ್ಟು ಉಚಿತವಾಗಿ ಮನೆ ಕಟ್ಟಿಕೊಡುವ ಯೋಜನೆ ಇನ್ನೆಲ್ಲೂ ಇರಲಿಕ್ಕಿಲ್ಲ. ಅದಕ್ಕೆ ಅರ್ಜಿಯೂ ಬೇಡ.

ಜುಲೈಯಲ್ಲಿ ನನಗೇ ಡೆಂಗಿ ಬಂತು. ಮಂಗಳೂರಿಗೆ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟು ಬಂದು ಮಲಗಿದೆ. ಜ್ವರದ ದಿನಗಳಲ್ಲಿ ರೋಗಿಯನ್ನು ಹಗಲಿನಲ್ಲೂ ಪರದೆಯೊಳಗೆ ಇಡಬೇಕು, ಅವನನ್ನು ಕಚ್ಚಿದ ಸೊಳ್ಳೆಯೇ ಮುಂದೆ ರೋಗ ಹಂಚುವುದು. ಆದರೆ ನಮ್ಮಲ್ಲಿ ಜ್ವರದವರನ್ನು ನೋಡಲು ಹೋಗದಿದ್ದರೆ ನೆಂಟಸ್ತಿಕೆ ಉಳಿಯುವುದಿಲ್ಲ. ದಿನಕ್ಕೆ ಇಪ್ಪತ್ತು ಜನ ಪಪ್ಪಾಯಿ ಎಲೆ ಹಿಡಿದು ಬಂದರು. ಮಂಚದ ಸುತ್ತ ಕೂತರು. ‘ನುಸಿ ಜಾಸ್ತಿ ಮಾರಾಯ್ರೆ ನಿಮ್ಮಲ್ಲಿ’ ಎಂದು ಕಾಲು ಬಡಿದುಕೊಂಡು, ಕಾಫಿ ಕುಡಿದು ಹೋದರು. ಆಗಸ್ಟಿನಲ್ಲಿ ನಾನು ಅವರ ಮನೆಗಳಿಗೆ ಪಪ್ಪಾಯಿ ಎಲೆ ಹಿಡಿದು ಹೋದೆ.

ಬಂದವರಲ್ಲಿ ಗಡಿಯಾಚೆಯ ಭಾವನೂ ಇದ್ದ. ಅವನಿಗೆ ಒಂದು ವಿಚಿತ್ರ ಹೆಮ್ಮೆ. ‘ನಮ್ಮ ಕಡೆ ಅಂಗಳದಲ್ಲಿ ಮರಿ ಸಿಕ್ಕಿದ್ರೆ ದಂಡ ಉಂಟು’ ಎಂದ. ನಿಜ, ಕರ್ನಾಟಕ 2024ರಲ್ಲಿ ಹಳ್ಳಿಯ ಮನೆಗೆ 200, ಪೇಟೆಯ ಮನೆಗೆ 400 ರೂಪಾಯಿ ದಂಡ ಎಂದು ಸಾರಿತ್ತು. ಅವನ ತೋಟ ನನ್ನ ತೋಟದಿಂದ ನೂರೈವತ್ತು ಮೀಟರು. ಡೆಂಗಿ ಸೊಳ್ಳೆ ಅಷ್ಟು ದೂರ ಸಲೀಸಾಗಿ ಹಾರುತ್ತದೆ. ನನ್ನ ಹಾಳೆಯಲ್ಲಿ ಹುಟ್ಟಿ ಅವನ ತೊಟ್ಟಿಯಲ್ಲಿ ಮೊಟ್ಟೆಯಿಟ್ಟರೆ ದಂಡ ಯಾರಿಗೆ? 2020ರಲ್ಲಿ ಕೊರೋನಾ ಬಂದಾಗ ಕರ್ನಾಟಕದವರು ಗಡಿ ರಸ್ತೆಗೆ ಮಣ್ಣು ಸುರಿದು ಮುಚ್ಚಿದಾಗ ಆಂಬುಲೆನ್ಸುಗಳೇ ವಾಪಸು ತಿರುಗಿದ್ದವು. ಆ ಮಣ್ಣಿನ ಗುಂಡಿಗಳಲ್ಲಿ ಮಳೆನೀರು ನಿಂತು ಏನೇನು ಹುಟ್ಟಿತೋ, ಅದಕ್ಕೆ ಪಾಸು ಕೇಳಿದವರಿಲ್ಲ.

ಅಕ್ಟೋಬರಿನಲ್ಲಿ ಮಳೆ ಹೋಗುವ ಹೊತ್ತಿಗೆ ನನ್ನ ಅರ್ಜಿ ಮೊಟ್ಟೆಯೊಡೆಯಿತು. ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಕನ್ನಡದಲ್ಲಿ ನೋಟೀಸು! ಎಲ್ಲರೂ ಓದಿದರು. ಮರುದಿನದಿಂದ ಬಸ್‌ಸ್ಟ್ಯಾಂಡಿನ ಹಿಂದಿನ ಕಟ್ಟೆ ಖಾಲಿ. ಇಪ್ಪತ್ತು ವರ್ಷಗಳಿಂದ ದಿನವೂ ಅಲ್ಲಿ ಇಸ್ಪೀಟು ಆಡುವ ಐವರಲ್ಲಿ ಒಬ್ಬರೂ ಇಲ್ಲ. ಮೂರನೇ ದಿನ ಅವರ ಮುಖ್ಯಸ್ಥರಾದ ನಿವೃತ್ತ ಮೇಷ್ಟ್ರು ಮನೆಗೇ ಬಂದರು. ಸ್ವರ ಇಳಿಸಿ, ‘ಅರ್ಜಿ ಕೊಟ್ಟದ್ದು ನೀವಂತೆ, ಹೌದಾ?’ ಎಂದರು.

ಹೋಗಿ ನೋಟೀಸು ನೋಡಿದೆ. ‘ಎಚ್ಚರಿಕೆ. ಕೂತು ಆಡುವವರನ್ನು ಮೂಲದಲ್ಲೇ ನಾಶಪಡಿಸಿ. ವಾರಕ್ಕೊಮ್ಮೆ ಮನೆಯ ಸುತ್ತ ಹುಡುಕಿ. ಬಗ್ಗದಿದ್ದರೆ ಸೀಮೆಎಣ್ಣೆ ಹಾಕಿ.’

ಮಲಯಾಳದಲ್ಲಿ ಸೊಳ್ಳೆಯ ಮರಿಗೆ ಕೂತ್ತಾಡಿ ಎನ್ನುತ್ತಾರೆ. ನೀರಿನಲ್ಲಿ ಕುಣಿಯುತ್ತದಲ್ಲ, ಅದಕ್ಕೆ ಆ ಹೆಸರು. ಅನುವಾದ ಮಾಡಿದವರು ಅದನ್ನು ಕೂರಿಸಿಬಿಟ್ಟಿದ್ದರು. ಮೇಷ್ಟ್ರಿಗೆ ಎಲ್ಲ ಬಿಡಿಸಿ ಹೇಳಿದೆ. ಅವರಿಗೆ ಹೋದ ಜೀವ ಬಂದಂತಾಯಿತು. ಅರ್ಧ ಗಂಟೆಯಲ್ಲಿ ಐವರೂ ಕಟ್ಟೆಯ ಮೇಲಿದ್ದರು.

ಕಟ್ಟೆಯ ಹಿಂದೆ ಉದ್ಘಾಟನೆಯ ಫ್ಲೆಕ್ಸನ್ನು ಮಡಚಿ ಎಸೆದಿದ್ದರು. ಮಡಿಕೆಯಲ್ಲಿ ಎರಡು ಬಕೆಟ್ ನೀರು. ಆರು ಮುಖಗಳ ಮೇಲೆ ನೂರಾರು ಕೂತ್ತಾಡಿಗಳು ಕುಣಿಯುತ್ತಿದ್ದವು. ಮೇಷ್ಟ್ರನ್ನು ಕರೆದು ತೋರಿಸಿದೆ. ‘ಹೋ, ಇದುವಾ!’ ಎಂದು ಬಗ್ಗಿ ನೋಡಿದರು. ಮೊಣಕಾಲ ಕೆಳಗೆ ಪಟ್ ಎಂದು ಒಂದು ಹೊಡೆದುಕೊಂಡರು. ಮತ್ತೆ ಹೋಗಿ ಕೂತು, ಎಲೆ ಹಂಚುತ್ತ, ‘ತುರುಪು ಯಾವುದು?’ ಎಂದು ಕೇಳಿದರು.