ಗೊರಕೆಯ ಸಂಗತಿಯನ್ನೂ ವೈದ್ಯರಿಗೆ ತಿಳಿಸಬೇಕು

ಮೊಣಕಾಲಿನ ಕೀಲು ಬದಲಾವಣೆಗೆ ಮುನ್ನ ಆಗಬೇಕಾದ ಸಕ್ಕರೆ, ರಕ್ತದೊತ್ತಡ, ಹೃದಯ ಪರೀಕ್ಷೆಗಳನ್ನು ಪತ್ರಿಕೆಯಲ್ಲಿ ಬಂದ ಲೇಖನ ಚೆನ್ನಾಗಿ ವಿವರಿಸಿದೆ. ಆದರೆ ನಿದ್ರೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಅಪ್ನಿಯಾಕ್ಕೆ ಒಂದೇ ವಾಕ್ಯ ಸಾಲದು. ಬದಿಯಡ್ಕದ ನನ್ನ ಸೋದರಮಾವ ಈ ಶಸ್ತ್ರಚಿಕಿತ್ಸೆಗಾಗಿ ಮಂಗಳೂರಿಗೆ ಹೋದಾಗ, ಅರಿವಳಿಕೆ ತಜ್ಞರು ಟೇಪಿನಿಂದ ಅವರ ಕುತ್ತಿಗೆಯ ಸುತ್ತಳತೆ ತೆಗೆದು, ನಿದ್ರೆಯ ಕುರಿತ ಪ್ರಶ್ನೆಗಳನ್ನು ಅತ್ತೆಯವರಲ್ಲಿ ವಿಚಾರಿಸಿದರು. ನಡುರಾತ್ರಿ ಗೊರಕೆ ಥಟ್ಟನೆ ನಿಂತು, ಆಮೇಲೆ ಏದುಸಿರಿನೊಂದಿಗೆ ಮಗ್ಗುಲು ಬದಲಿಸುತ್ತಾರೆಂದು ಅತ್ತೆ ಹೇಳಿದ ಬಳಿಕವೇ ನಿದ್ರಾ ಪರೀಕ್ಷೆ ನಡೆಯಿತು. ಮಾವನವರನ್ನೇ ಕೇಳಿದ್ದರೆ ‘ಒಳ್ಳೆಯ ನಿದ್ರೆ’ ಎನ್ನುತ್ತಿದ್ದರು!

ಸ್ಲೀಪ್ ಅಪ್ನಿಯಾದ ಸಾಧ್ಯತೆಯನ್ನು ಅಂದಾಜಿಸಲು ಹೀಗೆ ಬಳಸುವ ಸ್ಟಾಪ್-ಬ್ಯಾಂಗ್ ಎಂಬ ಪ್ರಶ್ನಾವಳಿಯಲ್ಲಿ ಗೊರಕೆ, ಕುತ್ತಿಗೆಯ ಸುತ್ತಳತೆ ಮುಂತಾದ 8 ಅಂಶಗಳಿದ್ದು, 3 ಅಥವಾ ಹೆಚ್ಚು ಅಂಕ ಬಂದರೆ ಎಚ್ಚರ ವಹಿಸುತ್ತಾರೆ. 50 ವರ್ಷ ದಾಟಿದ, ಅಧಿಕ ರಕ್ತದೊತ್ತಡವಿರುವ ಪುರುಷರಿಗೆ ವಯಸ್ಸು, ರಕ್ತದೊತ್ತಡ, ಲಿಂಗ ಇವುಗಳಿಂದಲೇ ಗೊರಕೆಯಿಲ್ಲದೆಯೂ 3 ಅಂಕ ಬರುವುದರಿಂದ ಅದನ್ನೇ ರೋಗನಿರ್ಣಯವೆಂದು ತಿಳಿದು ಗಾಬರಿಪಡಬೇಕಿಲ್ಲ.

ನಿಜವಾದ ಆತಂಕ ಶಸ್ತ್ರಚಿಕಿತ್ಸೆಯ ನಂತರದ ರಾತ್ರಿಗಳದು. ನೋವಿಗೆ ಕೊಡುವ ಮಾರ್ಫಿನ್‌ನಂಥ ಔಷಧಗಳು ಉಸಿರಾಟವನ್ನು ಕುಗ್ಗಿಸುತ್ತವೆ. ಅಂಗಾತ ಮಲಗಿದಾಗ ಗಂಟಲಿನ ದಾರಿ ಇನ್ನಷ್ಟು ಕಿರಿದಾಗುತ್ತದೆ. ಆದ್ದರಿಂದಲೇ ಸಾಧ್ಯವಿದ್ದಲ್ಲಿ ಬೆನ್ನುಹುರಿಯ ಅರಿವಳಿಕೆ ಮತ್ತು ನರಗಳನ್ನು ಮರಗಟ್ಟಿಸುವ ಚುಚ್ಚುಮದ್ದನ್ನು ಆರಿಸಿ, ರಾತ್ರಿಯಿಡೀ ಆಮ್ಲಜನಕದ ಮಟ್ಟ ಗಮನಿಸುತ್ತಾರೆ. ನಿದ್ರೆಯಲ್ಲಿ ಮಾಸ್ಕ್ ಮೂಲಕ ಗಾಳಿಯ ಒತ್ತಡ ಕೊಟ್ಟು ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರವನ್ನು ಈಗಾಗಲೇ ಬಳಸುವವರು ಅದನ್ನು ಮನೆಯಲ್ಲಿ ಬಿಡದೆ, ಸ್ವಂತ ಮಾಸ್ಕ್ ಸಹಿತ ಆಸ್ಪತ್ರೆಗೆ ಒಯ್ಯಬೇಕೆಂಬುದನ್ನೂ ಲೇಖಕರು ಸೇರಿಸಬಹುದಿತ್ತು.